ಕರಿ ಟ್ರಂಕಿನೊಳಗಿನ ಪಲ್ಟನ್ನು

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಭಾರತೀಯ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹಾರಿದವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅಂದು ಮೀಸಲು ಪೈಲಟ್. ತಂಡದಲ್ಲಿ ಒಂದು ಜಾಗ ತೆರವಾದಾಗ ಅವರು ಸಾಲಿಗೆ ಸೇರಿಕೊಂಡರು. ದಾಳಿ ಮುಗಿಯಿತು, ದೇವಯ್ಯ ಮರಳಲಿಲ್ಲ. ಏನಾಯಿತೆಂದು ಕಣ್ಣಾರೆ ಕಂಡು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ಕಥೆ ಅಲ್ಲಿಗೇ ನಿಂತಿತು.

ಅದು ಮತ್ತೆ ಹೊರಟದ್ದು 1979ರಲ್ಲಿ, ಅದೂ ಗಡಿಯ ಆಚೆಯಿಂದ. ಬ್ರಿಟನ್ನಿನ ಜಾನ್ ಫ್ರಿಕರ್ ಎಂಬ ಲೇಖಕ 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಹೇಳುವ ಪುಸ್ತಕ ಬರೆದರು. ಅಂದು ಒಂಟಿ ಮಿಸ್ಟೇರ್ ಒಂದನ್ನು ಬೆನ್ನಟ್ಟಿದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅದೇ ಮಿಸ್ಟೇರ್‌ನ ಗುಂಡಿಗೆ ಉರುಳಿತ್ತು ಎಂಬ ಸಂಗತಿ ಆ ಪುಸ್ತಕದಿಂದ ಗೊತ್ತಾಯಿತು. ಸ್ಟಾರ್‌ಫೈಟರ್ ಧ್ವನಿಯ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದಕ್ಕಿಂತ ಒಂದು ತಲೆಮಾರು ಹಳೆಯದು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡಿದ್ದರು. ಆ ಮಿಸ್ಟೇರ್ ದೇವಯ್ಯನವರದ್ದೇ ಎಂದು ತಾಳೆ ನೋಡಿ, ವಾದಿಸಿ, ಒಪ್ಪಿಸುವ ಹೊತ್ತಿಗೆ ಇನ್ನೂ ಒಂಬತ್ತು ವರ್ಷ ಹೋದವು. 1988ರಲ್ಲಿ, ಅಂದರೆ ಮಡಿದ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಬಸ್ಸಿಗೆ ಓಡುವ ಪ್ರವಾಸಿಗರಲ್ಲಿ ಎಷ್ಟು ಜನ ತಲೆಯೆತ್ತಿ ನೋಡುತ್ತಾರೋ, ಅದು ಬೇರೆ ಮಾತು.

ಇಷ್ಟು ದೊಡ್ಡ ಸಾಹಸವನ್ನೇ ಎದುರಾಳಿಯ ನೆನಪಿನಿಂದ ಎರವಲು ತರಬೇಕಾಯಿತು ಎಂದಮೇಲೆ ಸಾಧಾರಣ ಸಿಪಾಯಿಯ ಗತಿಯೇನು? ಹದಿನೆಂಟಕ್ಕೆ ಭರ್ತಿಯಾಗಿ, ಹದಿನೈದಿಪ್ಪತ್ತು ವರ್ಷ ದುಡಿದು, ಯಾವ ಚಕ್ರವನ್ನೂ ಪಡೆಯದೆ, ಮೈಮೇಲೆ ದೊಡ್ಡ ಗಾಯವೂ ಇಲ್ಲದೆ ಊರಿಗೆ ಬಂದವರ ಮಾತನ್ನು ಯಾರು ಬರೆದಿಟ್ಟಿದ್ದಾರೆ? ಬೆಳಗಾವಿ, ಬಾಗಲಕೋಟೆ, ಧಾರವಾಡ, ಕೊಡಗು, ಹಾಸನದ ಹಳ್ಳಿಗಳಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲೂ ಸಿಗುತ್ತಾರೆ. ಹೆಚ್ಚಿನ ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುವುದರಿಂದ ಮತ್ತೊಂದು ಕೆಲಸ ಹಿಡಿಯಲೇಬೇಕು. ಬಹಳ ಮಂದಿ ಹಿಡಿಯುವುದು ಸೆಕ್ಯುರಿಟಿ ಕೆಲಸ. ರಿಜಿಸ್ಟರಿನಲ್ಲಿ ನಿಮ್ಮ ಕಾರಿನ ನಂಬರ್ ಬರೆದುಕೊಳ್ಳುವ ಮನುಷ್ಯನ ಊರಿನ ಮನೆಯಲ್ಲಿ ಕಾರ್ಗಿಲ್‌ನ ಆಪರೇಷನ್ ವಿಜಯ್ ಸ್ಟಾರ್ ಇರಬಹುದು. ನಾವು ಕೇಳಿರುವುದಿಲ್ಲ, ಅವರು ಹೇಳಿರುವುದಿಲ್ಲ.

ಸ್ಮಾರಕ ಅಂದ ಕೂಡಲೇ ನಮಗೆ ಕಲ್ಲು ನೆನಪಾಗುತ್ತದೆ. ಕನ್ನಡ ನಾಡಿಗೆ ಇದು ಹೊಸದೇನಲ್ಲ. ಹೋರಾಡಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅವನ ಮನೆಯವರ ಜೀವನಕ್ಕೆ ಭೂಮಿಯನ್ನೂ ಬಿಡುತ್ತಿದ್ದರು. ನೆತ್ತರುಗೊಡಗೆ ಎಂದು ಶಾಸನಗಳು ಹೇಳುವ ಈ ದತ್ತಿಗಳು ಆ ಕಾಲದ ಕುಟುಂಬ ಪಿಂಚಣಿ ಎನ್ನಬಹುದು. ಆದರೆ ಇದೆಲ್ಲ ಸತ್ತವನಿಗೆ. ಬದುಕಿ ಬಂದವನಿಗೆ ಕಲ್ಲಿಲ್ಲ.

ಒಂದು ಸ್ವಾರಸ್ಯದ ಅಪವಾದವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದು. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿ ಗೆದ್ದು ಬಂದ ಮಣಲೆರ ಎಂಬ ವೀರನಿಗೆ ಒಡೆಯ ಬೂತುಗ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಡೆಯನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಲ್ಲು ನಿಂತದ್ದು ಕಾಳಿಗಾಗಿ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿವೆ. ಯುದ್ಧದಿಂದ ಜೀವಂತ ಮರಳಿದ ಮಣಲೆರನ ಹೆಸರು ಸಾವಿರ ವರ್ಷ ದಾಟಿ ನಮಗೆ ಸಿಕ್ಕಿದ್ದು ಅವನು ಕೇಳಿ ತಂದ ನಾಯಿಯ ದೆಸೆಯಿಂದ!

ನಮ್ಮ ಕಾಲದ ಮಣಲೆರರು ತಂದದ್ದು ಕಬ್ಬಿಣದ ಟ್ರಂಕು.

ಫೌಜಿಯ ಮನೆಯಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಆ ಕರಿ ಟ್ರಂಕು ಇದ್ದೇ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹುದ್ದೆ, ಹೆಸರು. ಕೆಲವುಗಳ ಮೇಲೆ ಊರಿಗೆ ಹತ್ತಿರದ ರೈಲ್ವೆ ಸ್ಟೇಷನ್ನಿನ ಹೆಸರು. ಬೆಳಗಾವಿ ಜಿಲ್ಲೆಯ ಒಂದು ಮನೆಯಲ್ಲಿ ನಾನು ನೋಡಿದ ಟ್ರಂಕಿನ ಮೇಲೆ ಹುದ್ದೆಯ ಜಾಗದಲ್ಲಷ್ಟೇ ಬಣ್ಣ ದಪ್ಪಗಿತ್ತು. ಓರೆಯಾಗಿ ಬೆಳಕಿಗೆ ಹಿಡಿದಾಗ ಕಾರಣ ತಿಳಿಯಿತು. ಮೊದಲು ಬರೆದಿದ್ದ ‘ಸಿಪಾಯಿ’ ಎಂಬುದರ ಮೇಲೆ ಕರಿ ಬಣ್ಣ ಬಳಿದು ನಾಯಕ್ ಎಂದು ಬರೆದಿದ್ದರು, ಅದರ ಮೇಲೆ ಮತ್ತೆ ಬಳಿದು ಹವಾಲ್ದಾರ್. ನಂಬರ್ ಮಾತ್ರ ಮೊದಲಿನದೇ. ಸೈನ್ಯದಲ್ಲಿ ಹುದ್ದೆ ಬದಲಾಗುತ್ತದೆ, ಊರು ಬದಲಾಗುತ್ತದೆ, ಭರ್ತಿಯಾದಾಗ ಕೊಟ್ಟ ನಂಬರ್ ಹವಾಲ್ದಾರ್ ಹುದ್ದೆಯವರೆಗೂ ಜೊತೆಗಿರುತ್ತದೆ. ಎಂಬತ್ತರ ಅಜ್ಜನಿಗೆ ಮೊಮ್ಮಕ್ಕಳ ಹೆಸರು ಅದಲುಬದಲಾದೀತು, ಆ ನಂಬರ್ ತಪ್ಪುವುದಿಲ್ಲ.

ಟ್ರಂಕು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಮೇಲೆ ಕೋಟು, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್. ಈ ಪುಸ್ತಕವನ್ನು ಹೆಚ್ಚಿನ ಮನೆಯವರು ಪೆನ್ಷನ್ ಕಾಗದವೆಂದಷ್ಟೇ ತಿಳಿದಿರುತ್ತಾರೆ. ನಿಜಕ್ಕೂ ಅದು ಒಬ್ಬ ಮನುಷ್ಯನ ಜಾತಕ. ಭರ್ತಿಯಾದ ತಾರೀಕು, ಬಿಡುಗಡೆಯಾದ ತಾರೀಕು, ಎತ್ತರ, ಮೈಮೇಲಿನ ಮಚ್ಚೆ ಗುರುತು, ಕಲಿತ ಕೆಲಸ, ಪಾಸಾದ ಪರೀಕ್ಷೆ, ಸಿಕ್ಕ ಪದಕ, ಹೆಂಡತಿ ಮಕ್ಕಳ ಹೆಸರು. ನಡತೆಯ ಮುಂದೆ ಒಂದೇ ಶಬ್ದ. ಅಲ್ಲಿ ‘ಎಕ್ಸೆಂಪ್ಲರಿ’ ಎಂದು ಬರೆಸಿಕೊಂಡವರು ಅದನ್ನು ಬೆರಳಿಟ್ಟು ತೋರಿಸುತ್ತಾರೆ. ಇಂಗ್ಲಿಷ್ ಓದಲು ಬಾರದವರೂ ಆ ಶಬ್ದ ಯಾವ ಸಾಲಿನಲ್ಲಿದೆ ಎಂದು ಬಲ್ಲರು.

ಅದೇ ಪುಸ್ತಕ ಕಣ್ಣೀರು ಹಾಕಿಸುವುದೂ ಉಂಟು. ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ಹಲವು ಮನೆತನಗಳಲ್ಲಿತ್ತು. ಗಂಡ ಯೂನಿಟ್ಟಿನಲ್ಲಿ ಬರೆಸಿದ್ದು ತವರಿನ ಹೆಸರು, ರೇಷನ್ ಕಾರ್ಡಿನಲ್ಲಿರುವುದು ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ಮೂರನೆಯ ಒಂದು ಕಾಗುಣಿತ. ಗಂಡ ಇರುವವರೆಗೆ ಯಾರಿಗೂ ಇದು ಕಾಣುವುದಿಲ್ಲ. ಅವನು ಹೋದ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಈ ಮೂವರೂ ಒಬ್ಬಳೇ ಎಂದು ಅಫಿಡವಿಟ್ ಮೇಲೆ ಅಫಿಡವಿಟ್ ಮಾಡಿಸುತ್ತ ಆ ಮುದುಕಿ ಅಲೆಯಬೇಕು. ಗಂಡ ಬದುಕಿರುವಾಗಲೇ ದಾಖಲೆ ಕಚೇರಿಗೆ ಬರೆದು ಪಾರ್ಟ್ ಟೂ ಆರ್ಡರ್ (ಕುಟುಂಬದ ವಿವರ ದಾಖಲಿಸುವ ಆದೇಶ) ಮಾಡಿಸಿಕೊಂಡರೆ ಈ ಪಾಡಿಲ್ಲ. ನೆನಪಿನ ಮಾತಿನ ನಡುವೆ ಇದೇನು ಕಚೇರಿ ಪುರಾಣ ಎನ್ನಬೇಡಿ. ಈ ಟ್ರಂಕುಗಳು ಇಷ್ಟು ವರ್ಷ ಉಳಿದಿರುವುದೇ ಒಳಗೆ ಪೆನ್ಷನ್ ಕಾಗದ ಇದೆ ಎಂಬ ಕಾರಣಕ್ಕೆ. ಇಲ್ಲದಿದ್ದರೆ ಎಂದೋ ಗುಜರಿಗೆ ಹೋಗುತ್ತಿದ್ದವು.

ಪದಕಗಳಿಗೆ ಬರೋಣ. ಮನೆಯವರು ನೋಡುವುದು ಮುಖವನ್ನು, ನೋಡಬೇಕಾದದ್ದು ಅಂಚನ್ನು. ಭಾರತೀಯ ಸೇನೆಯ ಪದಕದ ಅಂಚಿನಲ್ಲಿ ಪಡೆದವರ ನಂಬರ್, ಹುದ್ದೆ, ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಹೀಗಾಗಿ ಸಂತೆಯಲ್ಲಿ ಬಿದ್ದ ಪದಕವೂ ಅನಾಥವಲ್ಲ, ಯಾರದೆಂದು ಅದೇ ಹೇಳುತ್ತದೆ. ಇನ್ನು ಹೆಸರುಗಳು. ಪೂರ್ವಿ ಸ್ಟಾರ್ ಇದ್ದರೆ ಅಜ್ಜ 1971ರಲ್ಲಿ ಬಾಂಗ್ಲಾ ಕಡೆಯ ರಣರಂಗದಲ್ಲಿದ್ದರು ಎಂದರ್ಥ. ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ಪಾಕಿಸ್ತಾನದ ಗಡಿಯಲ್ಲಿ. ಸಂಗ್ರಾಮ್ ಮೆಡಲ್ ಅದೇ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದುದರ ಗುರುತು. 1965ರವರಿಗೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. ಸೈನ್ಯ ಸೇವಾ ಮೆಡಲ್ಲಿನ ರಿಬ್ಬನ್ನಿಗೆ ಸಿಕ್ಕಿಸಿದ ಪಟ್ಟಿಯಲ್ಲಿ ಜಮ್ಮು-ಕಾಶ್ಮೀರ, ಹಿಮಾಲಯ ಎಂದೆಲ್ಲ ಇರುತ್ತದೆ. ಮನೆಯವರಿಗೆ ಎಂದೂ ಗೊತ್ತಿರದ ಅವರ ತಿರುಗಾಟದ ನಕ್ಷೆ ಅದು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ ಕೊಟ್ಟಿದ್ದರಿಂದ ಆ ತಲೆಮಾರಿನ ಹೆಚ್ಚುಕಡಿಮೆ ಎಲ್ಲರ ಎದೆಯಲ್ಲೂ ಅದಿದೆ.

ಲೋಹದ ಮಾತೂ ತಮಾಷೆಯದು. ಎಲ್ಲಕ್ಕಿಂತ ದೊಡ್ಡದಾದ ಪರಮವೀರ ಚಕ್ರ ಕಂಚಿನದು. ಅದಕ್ಕಿಂತ ಕೆಳಗಿನ ಮಹಾವೀರ ಚಕ್ರ, ವೀರಚಕ್ರಗಳು ಬೆಳ್ಳಿಯವು. ಸಿಪಾಯಿಗೆ ಸಿಗುವ ಸೇವಾ ಪದಕಗಳು ಬಹುಪಾಲು ತಾಮ್ರ-ನಿಕ್ಕಲ್ ಮಿಶ್ರಣ. ಅಕ್ಕಸಾಲಿಗ ಕೊಳ್ಳುವುದಿಲ್ಲವಾದ್ದರಿಂದ ಅವು ಉಳಿದಿವೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಸಿಪಾಯಿಗೆ ಕೊಟ್ಟ ಬ್ರಿಟಿಷ್ ಪದಕ ಅಪ್ಪಟ ಬೆಳ್ಳಿಯಾಗಿತ್ತು, ಹೆಸರೂ ಅಂಚಿನಲ್ಲಿತ್ತು. ಬರಗಾಲದಲ್ಲಿ, ಮದುವೆಯ ಖರ್ಚಿನಲ್ಲಿ ಮೂಸೆ ಸೇರಿದವು ಕೆಲವಲ್ಲ. ಯುದ್ಧಕ್ಕೆ ಕೂಲಿಗಳಾಗಿ ಹೋದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಎರಕ ಹೊಯ್ದು ಕೊಟ್ಟಿದ್ದರು. ಸಾಮ್ರಾಜ್ಯದ ಕೃತಜ್ಞತೆಗೂ ದರ್ಜೆಯಿತ್ತು.

ಪದಕದ ಕೆಳಗೆ ಕಾಗದಗಳ ಕಟ್ಟು. ಫೌಜಿಯ ಪತ್ರಕ್ಕೆ ಊರಿನ ಹೆಸರಿರುವುದಿಲ್ಲ. ನಂಬರ್, ಹೆಸರು, ಯೂನಿಟ್ಟು, ಮಾರ್ಫತ್ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಥವಾ 99 ಎ.ಪಿ.ಒ. ಅಷ್ಟೇ. ಮಗ ನಿಖರವಾಗಿ ಯಾವ ಊರಿನಲ್ಲಿದ್ದಾನೆ ಎಂದು ಮನೆಯವರಿಗೆ ವಿಳಾಸದಿಂದ ತಿಳಿಯುತ್ತಿರಲಿಲ್ಲ. ಪತ್ರದಲ್ಲೂ ಬರೆಯುವಂತಿಲ್ಲ. ಅದಕ್ಕೇ ಆ ಪತ್ರಗಳು ಹೊರಗಿನವರಿಗೆ ಬೇಸರ ತರಿಸುವಷ್ಟು ಒಂದೇ ತರ: ತಾನು ಕ್ಷೇಮ, ಮನೆಯವರೆಲ್ಲ ಹೇಗಿದ್ದೀರಿ, ಮಳೆ ಆಯಿತೇ, ಎತ್ತು ಮಾರಬೇಡಿ, ರಜೆ ಸಿಕ್ಕರೆ ಜಾತ್ರೆಗೆ ಬರುತ್ತೇನೆ. ಚಳಿ ಜಾಸ್ತಿ ಎಂಬ ಒಂದು ಸಾಲಿನಿಂದ ಮಗ ಎಲ್ಲೋ ಬೆಟ್ಟದ ಮೇಲಿದ್ದಾನೆ ಎಂದು ತಾಯಿ ಊಹಿಸಬೇಕಿತ್ತು. ಓದು ಬಾರದ ತಾಯಿಗೆ ಅದನ್ನು ಓದಿ ಹೇಳುತ್ತಿದ್ದವನು ಪೋಸ್ಟ್‌ಮನ್. ಮಗನ ಗುಟ್ಟು, ಸೊಸೆಯ ಗುಟ್ಟು ಎರಡೂ ಅವನಿಗೆ ಗೊತ್ತು.

ಪತ್ರಕ್ಕಿಂತ ಮನಿಯಾರ್ಡರಿನ ಕೂಪನ್ ನಂಬಿಗಸ್ತ ಸಾಕ್ಷಿ. ಫಾರಮ್ಮಿನ ತುದಿಯಲ್ಲಿ ಒಂದೆರಡು ಸಾಲು ಬರೆಯಲು ಜಾಗವಿರುತ್ತಿತ್ತು. ಹಣ ಕೊಟ್ಟ ಮೇಲೆ ಪೋಸ್ಟ್‌ಮನ್ ಆ ತುಂಡನ್ನು ಹರಿದು ಕೈಗಿಡುತ್ತಿದ್ದ. ಅದರ ಮೇಲೆ ತಾರೀಕು, ಮೊತ್ತ, ಮುದ್ರೆ. ಅವನ್ನು ದಾರದಲ್ಲಿ ಪೋಣಿಸಿಟ್ಟುಕೊಂಡ ಮನೆಯಲ್ಲಿ ಹಣ ಯಾವ ತಿಂಗಳು ಬಂತು, ಯಾವ ಎರಡು ತಿಂಗಳು ಬರಲಿಲ್ಲ ಎಂದು ಇಂದಿಗೂ ಎಣಿಸಬಹುದು. ಬಾರದ ತಿಂಗಳಲ್ಲಿ ಮನೆ ಹೇಗೆ ನಡೆಯಿತು ಎಂದು ಕೇಳಬೇಕಾದದ್ದು ಹೆಂಡತಿಯನ್ನು. ಮಾಜಿ ಸೈನಿಕರ ಸಂದರ್ಶನ ಅಂತ ಹೋದವರು ಈ ಹೆಂಗಸನ್ನು ಚಹಾ ತರುವವಳೆಂದು ತಿಳಿದು ಸುಮ್ಮನಾಗಿಬಿಡುತ್ತಾರೆ. ಹೊಲ, ದನ, ಅತ್ತೆ-ಮಾವ, ಮಕ್ಕಳ ಶಾಲೆ ಎಲ್ಲವನ್ನೂ ಆ ಕೂಪನ್ನುಗಳ ಮೇಲೆ ನಡೆಸಿದವಳು ಅವಳು. ಟ್ರಂಕಿಗೆ ವರ್ಷಕ್ಕೊಮ್ಮೆ ಬಿಸಿಲು ತೋರಿಸಿ ನುಸಿಗುಳಿಗೆ ಹಾಕಿದವಳೂ ಅವಳೇ. ಅಂಚೆ ಇಲಾಖೆ ಹಳೆಯ ಮಾದರಿಯ ಮನಿಯಾರ್ಡರನ್ನು 2015ರಲ್ಲಿ ನಿಲ್ಲಿಸಿತು. ಹೊಸ ಕೂಪನ್ನು ಇನ್ನು ಬರುವುದಿಲ್ಲ.

ಕೊನೆಗೆ ಫೋಟೊ. ಕೆಲವು ವಸ್ತುಗಳು ತಾವೇ ಮಾತಾಡುತ್ತವೆ, ಫೋಟೊ ಮಾತ್ರ ಪಕ್ಕದಲ್ಲಿ ಒಬ್ಬ ಮನುಷ್ಯ ಇರುವವರೆಗೆ. ಮೇಲೆ ಹೇಳಿದ ಬೆಳಗಾವಿ ಜಿಲ್ಲೆಯ ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ಗುಂಪಿನ ಚಿತ್ರ ಹಿಡಿದು ಅಜ್ಜನ ಮುಂದೆ ಕೂತಿದ್ದಳು. ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದವರು.

“ಅಜ್ಜಾ, ನಿಮ್ಮ ಬಾಜೂಕ ನಿಂತಾರಲ್ಲ, ಇವರ್ಯಾರ್ರಿ?”

“ಅಂವಾ? ಅಂವಾ ಸಾತಾರಾ ಕಡೆಯಾಂವ. ಭಾಳ ಛಲೋ ಹಾಡತಿದ್ದ. ರಾತ್ರಿ ಪೋಸ್ಟಿನ್ಯಾಗ ಹಾಡಬ್ಯಾಡೋ ಅಂದ್ರೂ ಗುಣುಗುಣು ನಡದಽ ಇರ್ತಿತ್ತು.”

“ಹೆಸರ್ರಿ?”

ಅಜ್ಜ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಪಾಟೀಲ ಅಂತಿದ್ವಿ. ನಮ್ಮ ಪ್ಲಟೂನಿನ್ಯಾಗ ನಾಕ ಮಂದಿ ಪಾಟೀಲರಿದ್ರು. ಪೂರಾ ಹೆಸರು... ನಿಮ್ಮ ಅವ್ವ ಹುಟ್ಟೂ ಮುಂದಿನ ಮಾತಽದು, ಎಲ್ಲಿ ನೆನಪಿರ್ತೈತಿ ತಂಗೀ.”

ಚಿತ್ರದಲ್ಲಿದ್ದ ಉಳಿದವರಲ್ಲಿ ಐದಾರು ಜನರ ಹೆಸರು ಹೊರಟವು, ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರೆ ಎಲ್ಲರದ್ದೂ ಹೊರಡುತ್ತಿತ್ತು. ಆ ಹುಡುಗಿ ಹೊರಟಷ್ಟನ್ನು ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಳು. ಹಾಡುವ ಪಾಟೀಲನನ್ನೂ ಹಾಗೆಯೇ ಬರೆದಳು: ಸಾತಾರಾ, ಹಾಡುತ್ತಿದ್ದ.

ಯುದ್ಧದ ಬಗ್ಗೆ ಕೇಳುವುದಕ್ಕೂ ಒಂದು ರೀತಿಯಿದೆ. ಮಕ್ಕಳು ಮೊದಲು ಕೇಳುವ ಪ್ರಶ್ನೆ ಎಷ್ಟು ಜನರನ್ನು ಹೊಡೆದಿರಿ ಎಂಬುದು. ಅಲ್ಲಿಗೆ ಮಾತು ಕಟ್ಟಿಬಿಡುತ್ತದೆ. ನಿಜವಾಗಿ ಕಂಡವರು ಅದಕ್ಕೆ ಉತ್ತರ ಕೊಡುವುದು ಕಡಿಮೆ. ಕೊಡುವವರ ಮಾತನ್ನು ಸ್ವಲ್ಪ ಸೋಸಿ ಕೇಳುವುದು ಒಳ್ಳೆಯದು. ಅದರ ಬದಲು ಲಂಗರಿನಲ್ಲಿ ಊಟಕ್ಕೆ ಏನಿರುತ್ತಿತ್ತು ಎಂದು ಕೇಳಿ ನೋಡಿ. ಜೋಳದ ರೊಟ್ಟಿ ಉಂಡು ಬೆಳೆದವನಿಗೆ ಮೂರು ಹೊತ್ತು ಗೋಧಿ ಚಪಾತಿ ಒಗ್ಗಿದ್ದು ಹೇಗೆ, ಮುನ್ನುಗ್ಗುವ ಮೊದಲು ಚೀಲಕ್ಕೆ ಕಟ್ಟಿಕೊಟ್ಟ ಪೂರಿ, ಶಕ್ಕರ್‌ಪಾರೆ ಎಷ್ಟು ದಿನ ಬಂದವು, ಮಗ್ಗಿನ ಚಹಾ ಕೈಯಲ್ಲೇ ಆರುತ್ತಿದ್ದ ಚಳಿ ಎಂಥದ್ದು, ಮೊದಲ ಸಲ ಹಿಂದಿಯಲ್ಲಿ ಬೈಸಿಕೊಂಡದ್ದು, ಬಡಾಖಾನಾದ (ಸಾಮೂಹಿಕ ಔತಣದ) ದಿನ ಅಧಿಕಾರಿಯೇ ತಟ್ಟೆಗೆ ಬಡಿಸಿದ್ದು. ಊಟದಿಂದ ಹೊರಟ ಮಾತು ತಾನಾಗಿಯೇ ಹೋಗಬೇಕಾದ ಕಡೆ ಹೋಗುತ್ತದೆ. ಹೋಗದಿದ್ದರೆ ಬಿಡಿ. ಕೆಲವರು ಒಂದು ಜಾಗಕ್ಕೆ ಬಂದು ನಿಲ್ಲುತ್ತಾರೆ, ಅದರಾಚೆ ದೂಡಬಾರದು.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಮಡಿಕೇರಿಯಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯ ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ವರ್ಷಗಟ್ಟಲೆ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಕೊನೆಗೂ ಅದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದರು. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಎದುರಾಳಿಯನ್ನು ಬೆಚ್ಚಿಬೀಳಿಸಿದ, ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ಆಯೋಗವನ್ನು ನಡೆಸಿದ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡ ಮನುಷ್ಯ ಅವರು. ಸೈಪ್ರಸ್ ಮರುವರ್ಷವೇ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ನಾವು ಮನೆಯನ್ನು ಉಳಿಸಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ತಡವಾದರೂ ಆಯಿತು, ಚೆನ್ನಾಗಿಯೇ ಆಗಿದೆ. ಮಡಿಕೇರಿಗೆ ಹೋದವರು ರಾಜಾಸೀಟಿನ ಸೂರ್ಯಾಸ್ತಕ್ಕೆ ಮೊದಲು ಒಂದು ಗಂಟೆ ಇಲ್ಲಿಗೆ ಕೊಡಬಹುದು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ಈಗ ಸಂಗ್ರಹಾಲಯ. ಅಲ್ಲೇ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆಯೂ ಇದೆ. ಕಾರವಾರದ ಬಳಿಯ ಚೆಂಡಿಯಾದ ಈ ಮಗ 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ-ರಾಜೌರಿ ದಾರಿಯಲ್ಲಿ ನೆಲಬಾಂಬು ತೆಗೆಯುತ್ತ, ಮರ ಉರುಳಿಸಿ ಮಾಡಿದ್ದ ತಡೆ ಸರಿಸುತ್ತ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು, ಗಾಯಗೊಂಡರೂ ಬಿಡಲಿಲ್ಲ. ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದವರಲ್ಲಿ ಮೊದಲಿಗರು. ಒಂದು ತೈಲ ಹಡಗಿಗೆ ಅವರ ಹೆಸರಿಟ್ಟರು. 2023ರ ಜನವರಿಯಲ್ಲಿ ಅಂಡಮಾನ್‌ನ ಒಂದು ದ್ವೀಪಕ್ಕೂ ಇಟ್ಟರು.

ಇನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಜೋಧಪುರದ ಸವಾರರೊಂದಿಗೆ ಸೇರಿ ತುರ್ಕರಿಂದ ಗೆದ್ದವರು ಮೈಸೂರಿನ ಈ ಕುದುರೆ ಸವಾರರು. ಜೋಧಪುರದವರು ಪಟ್ಟಣದತ್ತ ನುಗ್ಗುವಾಗ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಫಿರಂಗಿಗಳನ್ನು ವಶಪಡಿಸಿಕೊಂಡಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕ ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವದಳಗಳನ್ನು ಒಟ್ಟುಗೂಡಿಸಿ 61ನೇ ಕ್ಯಾವಲ್ರಿ ಕಟ್ಟಿದ್ದರಿಂದ ಲ್ಯಾನ್ಸರ್ಸ್‌ನ ಹೆಸರು ಅದರೊಳಗೆ ಕರಗಿತು. ಆ ಬೆಟ್ಟ ಹತ್ತಿದ ಸವಾರರು ಕನ್ನಡದಲ್ಲೋ ಉರ್ದುವಿನಲ್ಲೋ ಮನೆಗೆ ಬಂದು ಹೇಳಿದ ಮಾತು ಮನೆಮನೆಗಳಲ್ಲಿ ಎರಡು ತಲೆಮಾರು ಓಡಾಡಿರಬೇಕು. ಆಗ ಬರೆದುಕೊಂಡಿದ್ದರೆ ನಮಗೆ ಪ್ಯಾಲೆಸ್ಟೈನಿನ ಬಗ್ಗೆ ಎಂಥ ಕನ್ನಡ ಗದ್ಯ ಸಿಗುತ್ತಿತ್ತು!

ಇದರಲ್ಲಿ ಕಾಣುವ ಕ್ರಮ ಇದು: ಜನರಲ್‌ಗೆ ಮನೆ, ಪರಮವೀರನಿಗೆ ಪ್ರತಿಮೆ, ಹುತಾತ್ಮನಿಗೆ ಕಲ್ಲು. ಎಲ್ಲವೂ ಆಗಬೇಕಾದ್ದೇ. ಉಳಿದವರಿಗೆ ನಾವು ಕೊಡುವುದು ಸನ್ಮಾನ. ಈಚೆಗೆ ಉತ್ತರ ಕರ್ನಾಟಕದ ಊರುಗಳಲ್ಲಿ ನಿವೃತ್ತನಾಗಿ ಬಂದ ಸೈನಿಕನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಹೂ ಸುರಿದು ಮೆರವಣಿಗೆ ಮಾಡುತ್ತಾರೆ. ಮನತುಂಬಿ ಮಾಡುತ್ತಾರೆ, ನೋಡಲು ಸೊಗಸು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಹಿರಿಯ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸುತ್ತಾರೆ. ಎರಡು ಮಾತು ಹೇಳಿ ಎಂದು ಮೈಕ್ ಕೊಡುತ್ತಾರೆ. ಮೂರನೆಯ ಮಾತಿಗೆ ನಿರೂಪಕ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಮುಂದೆ ಶಾಸಕರ ಭಾಷಣವಿದೆಯಲ್ಲ. ಶಾಲುಗಳು ಮನೆಯಲ್ಲಿ ರಾಶಿ ಬೀಳುತ್ತವೆ, ಮಾತು ಗಂಟಲಲ್ಲೇ ಉಳಿಯುತ್ತದೆ.

ಅಮೆರಿಕದ ಸಂಸತ್ತು 2000ದಲ್ಲಿ ಒಂದು ಕಾಯ್ದೆ ಮಾಡಿ, ಮಾಜಿ ಸೈನಿಕರ ನೆನಪುಗಳನ್ನು ಅವರ ಬಾಯಿಂದಲೇ ದಾಖಲಿಸುವ ಕೆಲಸವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಿತು. ಅದರ ಬಲ ಇರುವುದು ತಜ್ಞರಲ್ಲಲ್ಲ. ಮನೆಯವರು, ನೆರೆಯವರು, ಹಿರಿಯ ತರಗತಿಯ ವಿದ್ಯಾರ್ಥಿಗಳು ಯಾರು ಬೇಕಾದರೂ ದಾಖಲಿಸಿ ಕಳಿಸಬಹುದು. ಕನಿಷ್ಠ ಅರ್ಧ ಗಂಟೆಯ ಮಾತು ಇರಬೇಕು ಎಂಬುದು ಮುಖ್ಯ ಷರತ್ತು. ನಮ್ಮಲ್ಲಿ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಹೊಸ ನೀತಿ ಪ್ರಕಟಿಸಿ, ಯುದ್ಧಗಳ ಇತಿಹಾಸವನ್ನು ಐದು ವರ್ಷದೊಳಗೆ ಬರೆಸಬೇಕು, ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕು ಎಂದಿತು. ಒಳ್ಳೆಯದೇ. ಆದರೆ ಆ ಕಡತಗಳಲ್ಲಿ ಬ್ರಿಗೇಡು, ಬೆಟಾಲಿಯನ್ನು ಇರುತ್ತದೆ. ಹಾಡುವ ಪಾಟೀಲ ಇರುವುದಿಲ್ಲ. ಕನ್ನಡದಲ್ಲಂತೂ ಇರುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಜಾನಪದ ವಿಭಾಗಗಳು ಒಂದೊಂದು ತಾಲ್ಲೂಕು ಹಿಡಿದು ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಬಹುದು. ಸೋಬಾನೆ ಪದ, ಲಾವಣಿ ಸಂಗ್ರಹಿಸಲು ಹಳ್ಳಿ ಸುತ್ತಿದ ಪರಂಪರೆ ಇರುವ ವಿಭಾಗಗಳಿಗೆ ಇದು ಹೊರೆಯಲ್ಲ.

ಮನೆಯವರು ಕಾಯಬೇಕಿಲ್ಲ. ಪದಕಕ್ಕೆ ಹುಣಸೆಹಣ್ಣು, ಬೂದಿ, ಬ್ರಾಸೊ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಂಚಿನ ಹೆಸರು ಸವೆದು ಹೋಗುತ್ತದೆ. ಡಿಸ್ಚಾರ್ಜ್ ಬುಕ್ಕನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಒಳಗೇ ಹಳದಿಯಾಗಿ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದು ಎರಡು ಕಡೆ ಇಡಿ. ಪಿಪಿಒ (ಪೆನ್ಷನ್ ಪಾವತಿ ಆದೇಶ) ನಂಬರ್ ಕಾಣುವ ಪುಟವನ್ನು ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಪೆನ್ಷನ್‌ದಾರರಿಗೆ ಟೋಪಿ ಹಾಕುವವರು ಅದಕ್ಕೇ ಕಾದಿರುತ್ತಾರೆ. ಫೋಟೊದ ಹಿಂದೆ ಪೆನ್ನಿನಲ್ಲಿ ಬರೆದರೆ ಮಸಿ ಮುಂದಕ್ಕೆ ಮೂಡುತ್ತದೆ, ಮೆತ್ತನೆಯ ಪೆನ್ಸಿಲ್ ಸಾಕು. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಟ್ರಂಕನ್ನು ಗೋಡೆಯಿಂದ ದೂರ, ನೆಲದಿಂದ ಒಂದು ಹಲಗೆಯಷ್ಟು ಮೇಲೆ ಇಡಿ. ಯಜಮಾನರು ತೀರಿಕೊಂಡ ಮನೆಯಲ್ಲಿ ಟ್ರಂಕು ಬೇಡವಾದರೆ ಗುಜರಿಯವನಿಗೆ ಹಾಕುವ ಮೊದಲು ಅವರ ರೆಜಿಮೆಂಟಿನ ಕೇಂದ್ರಕ್ಕೆ ಒಂದು ಪತ್ರ ಬರೆಯಿರಿ. ಬೆಳಗಾವಿಯ ಮರಾಠಾ ಕೇಂದ್ರದಲ್ಲಿ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಅವರದೇ ಸಂಗ್ರಹಾಲಯಗಳಿವೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ.

ಕಾಲ ನಮ್ಮ ಕಡೆ ಇಲ್ಲ. ಎರಡನೇ ಮಹಾಯುದ್ಧದವರು ಬಹುತೇಕ ಹೋದರು. 1962ರಲ್ಲಿ ಹಿಮದಲ್ಲಿ ನಿಂತವರು ಎಂಬತ್ತು ದಾಟಿದ್ದಾರೆ. 1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತೈದರ ಆಸುಪಾಸು.

ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ನಿವೃತ್ತರಾದದ್ದು 1953ರ ಜನವರಿ 14ರಂದು; ಆ ದಿನವನ್ನು ದೇಶ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತದೆ. ನಮಗೆ ಅದು ಸಂಕ್ರಾಂತಿಯ ಆಸುಪಾಸಿನ ದಿನ, ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಿರುತ್ತಾರೆ. ಸಂಘಟಕರಲ್ಲಿ ಒಂದು ವಿನಂತಿ: ಈ ಸಲ ಶಾಲಿನ ಖರ್ಚು ಉಳಿಸಿ, ಒಬ್ಬರಿಗೇ ಆದರೂ ಸರಿ, ಅರ್ಧ ಗಂಟೆ ಮೈಕ್ ಕೊಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ಫೌಜಿ ಅಜ್ಜ ಇದ್ದವರು ಎಳ್ಳು-ಬೆಲ್ಲ ಕೊಟ್ಟ ಮೇಲೆ ಟ್ರಂಕು ತೆಗೆಸಿ, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಫೋಟೊದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ ಕೇಳಿ ಬರೆದುಕೊಳ್ಳಿ.